ಗುರುವಾರದ ಸಾಲಿ

ಸೊಲ್ಲಾಪುರದ ಸಿವಿಲ್ ದವಾಖಾನಿ ಗ್ವಾಡಿಗೆ ಅಂಟಿಸಿದ್ದ ಚೀಟಿ ನೋಡಿ
ಆ ನಂಬರು ಬರಕೊಂಡಿದ್ದೆ, ಬೀಡಿ ಕಟ್ಟಿನ ಕಾಗದದ ಮ್ಯಾಲೆ.
ಅಂಗಿ ಎರಡು ಸಲ ಒಗಿಯಾಕ ಹೋತು.
ಕಡೀ ಅಂಕಿ ನೀರಾಗಿ ಹೋತು, ಏಳೋ ಒಂದೋ ತಿಳೀಲಿಲ್ಲ.
ಯಾರ್ಯಾರಿಗೋ ಫೋನ್ ಹಚ್ಚಿದೆ. ಒಬ್ಬಾಕಿ ಬೈದಳು.
ನಾಲ್ಕನೇದಕ್ಕ ಒಂದು ಮುದಿ ದನಿ, ಹಿಂದ ಮಗ್ಗದ ಸಪ್ಪಳ:
"ಗುರುವಾರ ಸಂಜಿ ಏಳು. ಅಕ್ಕಲಕೋಟ ರಸ್ತಾದಾಗ ಕನ್ನಡ ಸಾಲಿ.
ಹೆಸರು ಸಾಕು, ಅಡ್ಡಹೆಸರು ಬ್ಯಾಡ."

ಮೊದಲ ಗುರುವಾರ ಗೇಟಿನ ತನಕ ಹ್ವಾದೆ.
ಗೇಟಿನೆದುರು ದೇಶಿ ದಾರೂ ಅಂಗಡಿ.
ಆಮ್ಯಾಲೆ ಎಲ್ಲಿ ಹ್ವಾದೆ ಅಂತ ಕೇಳಬ್ಯಾಡ್ರಿ.

ಎರಡನೇದಕ್ಕ ಚಹಾದ ಗಾಡಿಯವನ್ನ ಕೇಳಿದೆ:
"ಇಷ್ಟೊತ್ತಿನ್ಯಾಗ ಸಾಲಿಯೊಳಗ ಲೈಟ್ಯಾಕ?"
"ಬೇವಡ್ಯಾ ಮಂದಿ ಕೂಡ್ತಾರ," ಅಂದ. "ಹದಿನೆಂಟು ಚಹಾ ಒಯ್ತಾರ,
ರೊಕ್ಕ ಒಂದಿನಾನೂ ಬಾಕಿ ಇಡಂಗಿಲ್ಲ."
ನಗಿ ಬಂತು. ಆದ್ರೂ ಹೊಳ್ಳಿ ಬಂದೆ.

ಮೂರನೇದಕ್ಕ ನೀಲವ್ವ ಇಪ್ಪತ್ತು ಹೆಜ್ಜಿ ಹಿಂದ ನಡದಳು,
ನನ್ನ ಜೋಡಿ ಬಂದಾಕಿ ಅಲ್ಲ ಅನ್ನೂವಂಗ, ಖಾಲಿ ಚೀಲ ಹಿಡಕೊಂಡು.
ನಾ ಒಳಗ ಹೋದದ್ದು ನೋಡಿ ಸಂತಿಗೆ ಹ್ವಾದಳು.

ಎರಡನೇತ್ತಾ ಕ್ವಾಣಿ. ಸಣ್ಣ ಹುಡುಗರ ಬೆಂಚು,
ಮಣಕಾಲು ಎದಿಗೆ ಬಡೀತಾವ.
ಹಲಗಿ ಮ್ಯಾಲೆ ಯಾರೋ ಅಳಸದ ಬಿಟ್ಟ ಒಂಬತ್ತರ ಮಗ್ಗಿ,
ಒಂಬತ್ತ ಎಂಟ್ಲೆಗೆ ಬಂದು ನಿಂತದ.
ಕೋರ್ಟಿನ ಕಾರಕೂನ ಇದ್ದ. ಎಸ್‌ಟಿ ಡ್ರೈವರ್ ದಗಡೂ.
ಖೆಮ್ಮಿನ ಔಷಧದ ಬಾಟಲಿಯೊಳಗ ತುಂಬಿಟ್ಟು
ರಾತ್ರಿ ಪಾಳಿಯೊಳಗ ಕುಡೀತಿದ್ದ ನರ್ಸ್ ಬಾಯಿ.
ಎಲ್ಲಾರೂ ಮರಾಠಿಯೊಳಗ ಹೇಳಿದ್ರು.
ನಂದು ಪಾಳಿ ಬಂದಾಗ ನಾನೂ ಎದ್ದು ನಿಂತೆ:
"ಮೀ ಗುರುಪಾದ. ಮೀ ಮದ್ಯಪಿ ಆಹೇ."

ಎಷ್ಟು ಸಲೀಸ! ಮದ್ಯಪಿ.
ಸರಕಾರಿ ಫಾರ್ಮಿನ ಶಬ್ದ, ಇಸ್ತ್ರಿ ಹೊಡದದ್ದು.
ಆ ಶಬ್ದ ಹಿಡದು ನನ್ನ ಯಾರೂ ಬೈದಿಲ್ಲ.
ಆ ಶಬ್ದಕ್ಕ ಅಂಜಿ ಯಾರೂ ಒಳಗಿನಿಂದ ಚಿಲಕ ಹಾಕಿಲ್ಲ.

ನರ್ಸಯ್ಯ (ಫೋನಿನ ದನಿ ಅವಂದ, ಮನಿಮಾತು ತೆಲುಗು,
ಹನ್ನೊಂದು ವರ್ಷ ಆತು ಮುಟ್ಟಿಲ್ಲ)
ತನ್ನ ಹರಕು ಕನ್ನಡದಾಗ ಅಂದ:
"ನಿನ್ನ ಮಾತಿನ್ಯಾಗ ಹೇಳಪಾ. ಸಾಲಿ ನಿಂದs ಅದ."

ಬಾಯಿ ತೆರದೆ.
ಕು, ಅಂದೆ.
ಆ ಅಕ್ಷರದಾಗ ಅವ್ವ ಇದ್ದಳು, ಹೊಚ್ಚಲ ಮ್ಯಾಲೆ ಕುಂತಾಕಿ.
ಒತ್ತಿ ಇಟ್ಟು ಬಿಡಸದ ಬೋರಮಾಳ ಇತ್ತು.
ಗೆಳತ್ಯಾರು ಕೇಳಿಸಿಕೊಂಡ್ರೇನೋ ಅಂತ
ಹಿಂದ ತಿರುಗಿ ನೋಡೂ ಮಗಳು ಇದ್ದಳು.
ಮುಂದ ಬರಲಿಲ್ಲ.
ಫ್ಯಾನು ತಿರಗತಿತ್ತು. ಯಾರೂ ಅವಸರ ಮಾಡಲಿಲ್ಲ.
ನಾ ಮನಸಿನ್ಯಾಗ ಹಲಗಿ ಮಗ್ಗಿ ಮುಗಸಿದೆ,
ಒಂಬತ್ತ ಒಂಬತ್ಲೆ, ಒಂಬತ್ತ ಹತ್ಲೆ. ಆದ್ರೂ ಬರಲಿಲ್ಲ.
"ಇರ್ಲಿ," ಅಂದ ನರ್ಸಯ್ಯ. "ಎಳಿ ಹರದ್ರ ಬೀಮ್ ಒಗಿತೇವೇನು?
ತುದಿ ಹುಡುಕಿ ಗಂಟ ಹಾಕತೇವು. ಮುಂದಿನ ವಾರ ಬಾ."

ಗಂಟು ನಡುವ ಒಮ್ಮೆ ಬಿಚ್ಚೇದ, ದೀಪಾವಳಿ ಬೋನಸ್ ಬಂದ ರಾತ್ರಿ.
ಮರು ಗುರುವಾರ ಅದನ್ನೂ ಹೇಳಿದೆ.
ಕನ್ನಡದಾಗ. ಪೂರಾ ಶಬ್ದ. ಮೂರs ಅಕ್ಷರ.
ಹೇಳಿ ಕೂಡೂದ್ರಾಗ ಚಹಾ ಆರಿತ್ತು.
ಆರಿದ್ದs ಕುಡದೆ.

ಎಣಿಕಿ ಮತ್ತ ಒಂದರಿಂದ. ಇವತ್ತಿಗೆ ಇಪ್ಪತ್ತಾರು.

ತೇಜು ಬರಿಯೂದು ಬಿಟ್ಟು ಕೇಳತಾಳ:
"ಅಪ್ಪಾ, ಇವತ್ತ ನಿಂದು ಸಾಲಿ ಹೌದಲ್ಲ?"
ಹೌದು ಅಂತೀನಿ. ನಮ್ಮಲ್ಲಿ ಫೇಲ್ ಮಾಡೂದಿಲ್ಲ ಅಂತೀನಿ.
ಆಕಿ ನಂಬೂದಿಲ್ಲ.
ಚಿಲ್ಲರ ಎಣಿಸಿ ಕಿಸೆದಾಗ ಹಾಕೋತೀನಿ,
ಈ ವಾರ ಚಹಾ ತರೂ ಪಾಳಿ ನಂದು.
ಹತ್ತೊಂಬತ್ತು.